ಮೂರನೆಯ ಪ್ರಶ್ನೆ

ಇಲ್ಲಿ ಬಾಗಿಲು ತಟ್ಟುವ ಪದ್ಧತಿಯಿಲ್ಲ.
ಬೇಲಿಯಾಚೆ ನಿಂತು "ನಾಯಿ ಹಿಡ್ಕೊಳ್ಳಿ" ಎಂದು ಕೂಗಬೇಕು,
ನಾಯಿ ಇರಲಿ, ಇಲ್ಲದಿರಲಿ.
ತರಗತಿಯಲ್ಲಿ ಇದನ್ನು ಕ್ಷೇತ್ರಪ್ರವೇಶ ಅಂದಿದ್ದರು.

ಉಲಾನ್‌ಬಾತರಿನ ಉತ್ತರದ ಗುಡ್ಡ. ಜನವರಿ.
ಕಲ್ಲಿದ್ದಲ ಹೊಗೆಯೊಳಗೆ ಬಿಳಿ ಗೆರ್‌ಗಳು
ಬೋರಲು ಹಾಕಿದ ಬಟ್ಟಲುಗಳ ಹಾಗೆ.
ಪಟ್ಟಿಯಲ್ಲಿ ಪ್ರತಿ ಏಳನೆಯದು ನನ್ನದು.
ಯಾದೃಚ್ಛಿಕ ಮಾದರಿ: ಯಾರನ್ನೂ ನಾನಾಗಿ ಆರಿಸಿಕೊಂಡಿಲ್ಲ
ಅನ್ನುವುದಕ್ಕೆ ಶಾಸ್ತ್ರ ಇಟ್ಟ ಹೆಸರು.

ಪೆನ್ನಿನ ಶಾಯಿ ಹೆಪ್ಪುಗಟ್ಟುತ್ತದೆಂದು ಪೆನ್ಸಿಲ್ ತಂದಿದ್ದೆ.
ಹೊಸ್ತಿಲು ತುಳಿಯದೆ ದಾಟಿ
ಎಡಕ್ಕೆ, ಅತಿಥಿಯ ಬದಿಗೆ ಕೂತೆ.
ದುಲಮ್ಸುರೆನ್ ಉಪ್ಪು ಹಾಕಿದ ಹಾಲಿನ ಚಹಾ ಕೊಟ್ಟಳು, ಎರಡೂ ಕೈಯಲ್ಲಿ.
ವಯಸ್ಸು? ಹೇಳಿದಳು.
ಓದು? ನಕ್ಕಳು. ಎಂಟನೆಯ ತರಗತಿ.
ಮೂರನೆಯ ಪ್ರಶ್ನೆ: ಮನೆಯಲ್ಲಿ ಎಷ್ಟು ಜನ?

ಮನೆ ಅಂದರೆ, ಕೈಪಿಡಿಯ ಹದಿನಾರನೆಯ ಪುಟದಲ್ಲಿ,
ಒಂದೇ ಒಲೆಯಲ್ಲಿ ಉಂಡು ಒಂದೇ ಸೂರಿನಡಿ ಮಲಗುವವರು,
ಕಳೆದ ಆರು ತಿಂಗಳಲ್ಲಿ ಕನಿಷ್ಠ ಮೂರು.
ನನ್ನ ಕಣ್ಣಿಗೆ ಕಂಡದ್ದು ಮಂಚ ಎರಡು, ಬಟ್ಟಲು ನಾಲ್ಕು.

ಅವಳು ಬೆರಳು ಮಡಚತೊಡಗಿದಳು.
ನಾನು. ನೀರಿನ ಲಾರಿ ಓಡಿಸುವ ಕಿರಿಮಗ ತ್ಸೊಗ್ಟ್.
ಇಂಚೆನ್ನಿನಲ್ಲಿ ಮೀನು ಸೀಳುವ ಮಗಳು.
ಈ ಒಲೆ ಉರಿಯುವುದೇ ಅವಳ ದುಡ್ಡಲ್ಲಿ,
ಒಲೆಯ ಲೆಕ್ಕ ಅಂದೆಯಲ್ಲ?
ಅವಳ ಮಕ್ಕಳಿಬ್ಬರು. ಊಟ ಇಲ್ಲಿ,
ನಿದ್ದೆ ಪಕ್ಕದ ಬೇಲಿಯ ಚಿಕ್ಕಮ್ಮನಲ್ಲಿ.
ಆ ಚಿಕ್ಕಮ್ಮ. ಅವಳ ಗಂಡ, ಕುಡಿಯದಿದ್ದ ದಿನ.
ಕುರಿಯೆಲ್ಲ ಹಿಮದಲ್ಲಿ ನಿಂತಲ್ಲೇ ಸೆಟೆದ ವರ್ಷ
ನಮ್ಮ ಸಾಮಾನಿನ ಮೇಲೆ ಕೂತು ಬಂದ ಗೊಂಬೊ.
ನೆಂಟನಲ್ಲ, ಊರೂ ಬೇರೆ, ರಾತ್ರಿಯೂಟಕ್ಕೆ ತಪ್ಪಿಸುವುದಿಲ್ಲ.
ಆಮೇಲೆ ನಮ್ಮವನು.
ಅವರೆಲ್ಲಿದ್ದಾರೆ, ಕೇಳಿದೆ.
ಬೆಳಗಿನ ಮೊದಲ ಸೌಟು ಎತ್ತ ಚಿಮುಕಿಸುತ್ತೇನೋ ಅತ್ತ.
ಸತ್ತು ಹನ್ನೊಂದು ವರ್ಷ. ಚಹಾ ಬಿಟ್ಟಿಲ್ಲ.

ಒಂಬತ್ತು, ಅಂದಳು.
ಎಡಗೈಯ ಕಿರುಬೆರಳೊಂದು ಮಡಚದೆ ಉಳಿದಿತ್ತು.

ಸಮಾಜ ಅನ್ನುವುದು ಬಿಡಿಬಿಡಿ ಜನರ ಮೊತ್ತವಲ್ಲ ಎಂದು
ಮೊದಲ ವರ್ಷ ಬಾಯಿಪಾಠ ಮಾಡಿ ಒಳ್ಳೆಯ ಅಂಕ ತೆಗೆದವಳು ನಾನು.
ಈಗ ಮೊತ್ತ ಬರೆಯುವ ಚೌಕದೆದುರು
ಪೆನ್ಸಿಲ್ ಕಚ್ಚುತ್ತ ಕೂತಿದ್ದೆ.

ಮತ್ತೆ ನಿನ್ನ ಮನೆಯಲ್ಲಿ?
ಪ್ರಶ್ನೆ ಒಂದೇ ದಿಕ್ಕಿಗೆ ಹರಿಯಬೇಕೆಂಬುದು ನಿಯಮ.
ಆರನೆಯ ಮಹಡಿ. ಗೋಡೆಯಲ್ಲಿ ಬಿಸಿನೀರಿನ ಕೊಳವೆ.
ಉಂಡದ್ದು ನಿನ್ನೆಯದು, ನಿಂತುಕೊಂಡೇ.
ಒಬ್ಬಳೇ, ಅಂದೆ.
ತಪ್ಪು ತುಂಬಿದ ನಮೂನೆಯನ್ನು ನೋಡುವ ಹಾಗೆ ನೋಡಿದಳು.

ಚೌಕದಲ್ಲಿ ಎರಡು ಎಂದು ಬರೆದೆ.
ಅಂಚಿನಲ್ಲಿ, ಮೇಲ್ವಿಚಾರಕನ ಕನ್ನಡಕಕ್ಕೂ ಸಿಗದಷ್ಟು ಸಣ್ಣಗೆ,
ಒಂಬತ್ತು.

ಹದಿನಾಲ್ಕು ದಿನ ಬಿಟ್ಟು ಮತ್ತೆ ಹೋಗಬೇಕು.
ಅದೇ ಪ್ರಶ್ನೆ, ಅದೇ ಬಾಯಿ;
ಉತ್ತರ ಅದೇ ಬಂದರೆ ಅಳತೆಗೋಲು ನೆಟ್ಟಗಿದೆ,
ಬೇರೆ ಬಂದರೆ ಎಲ್ಲೋ ಸೊಟ್ಟ.
ವಿಶ್ವಾಸಾರ್ಹತೆ ಎಂಬ ಅಧ್ಯಾಯ.

ನಾಯಿ ಹಿಡ್ಕೊಳ್ಳಿ, ಕೂಗಿದೆ.
ಅದು ಬೊಗಳಲಿಲ್ಲ. ಕೈಗವಸು ಮೂಸಿ
ನನಗಿಂತ ಮುಂದಾಗಿ ನಡೆಯಿತು.

ಮೂರನೆಯ ಪ್ರಶ್ನೆ.
ಹತ್ತು, ಅಂದಳು ಚಹಾ ಬಗ್ಗಿಸುತ್ತ.
ಯಾರು ಹೆಚ್ಚಾದರು ಅಂತ ಕೇಳಲು
ನಮೂನೆಯಲ್ಲಿ ಜಾಗವಿರಲಿಲ್ಲ.
ಹಲಗೆಯ ಮೇಲೆ ಬಟ್ಟಲು ನಾಲ್ಕೂ ಹಾಗೇ ಇದ್ದವು,
ನನ್ನ ಕೈಯಲ್ಲಿದ್ದದ್ದು ಐದನೆಯದು.